ಬಾಜುಮನಿ ಆಯಿ

ಹತ್ತಿ ಬಿಡಿಸುವ ದಿನಗಳಲ್ಲಿ ಅಬ್ಬೆತುಮಕೂರಿನ ಒಂದು ಓಣಿಯ ಅರ್ಧ ಮನೆಗಳ ಕೀಲಿಕೈಗಳು ಒಂದೇ ಸೆರಗಿನ ಚುಂಗಿನಲ್ಲಿರುತ್ತವೆ. ಯಾವುದು ಯಾರ ಮನೆಯದೆಂದು ಗುರುತಿಗೆ ಬಣ್ಣದ ದಾರವಿಲ್ಲ, ಚೀಟಿ ಅಂಟಿಸಿಲ್ಲ. ಸೆರಗಿನ ಒಡತಿ ಬೇರೆ ಕಡೆ ನೋಡುತ್ತಲೇ ಗಂಟಿನೊಳಗೆ ಬೆರಳಾಡಿಸಿ ಬೇಕಾದ ಕೀಲಿಕೈ ತೆಗೆದುಕೊಡುತ್ತಾಳೆ. ಆಕೆಯೇ ಬಾಜುಮನಿ ಆಯಿ. ಯಾದಗಿರಿ, ಶಹಾಪುರ, ಸುರಪುರ, ಈ ಕಡೆಯ ಯಾವ ಊರಿಗೆ ಹೋದರೂ ಓಣಿಗೊಬ್ಬಳು ಸಿಗುತ್ತಾಳೆ. ಹೆಸರು ಕೇಳಬೇಡಿ. ಪಡಿತರ ಚೀಟಿಯಲ್ಲಿ ಒಂದು ಹೆಸರಿದೆ, "ಅದರಾಗ ಏನೋ ತಪ್ಪ ಬರದಾರ" ಎಂದು ಆಯಿಯೇ ಅದನ್ನು ಒಪ್ಪುವುದಿಲ್ಲ.

ವಯಸ್ಸು ಅರವತ್ತರ ಆಚೆ. ಎಷ್ಟು ಆಚೆ ಎಂಬುದು ಕೇಳುವವರ ಮೇಲಿದೆ. ವೃದ್ಧಾಪ್ಯ ವೇತನದ ಅರ್ಜಿ ತುಂಬುವವನಿಗೆ ಎಪ್ಪತ್ತೈದು ಎನ್ನುತ್ತಾಳೆ. ಓರಗೆಯ ಮುದುಕಿಯರ ನಡುವೆ ಕೂತಾಗ "ನಾ ಆಕೀಗಿಂತ ಬಾಳ ಸಣ್ಣಾಕಿ" ಎನ್ನುತ್ತಾಳೆ. ಮನೆಯ ಮುಂದೆ ಶಹಾಬಾದ್ ಫರಸಿ ಹಾಸಿದ ಕಟ್ಟೆ, ಅದರ ಮೇಲೆ ಬೇವಿನ ನೆರಳು, ಮಗ್ಗುಲಲ್ಲಿ ಎಲೆಅಡಿಕೆಯ ಸಂಚಿ, ಕಾಲು ಚಾಚಿದರೆ ಅರ್ಧ ಓಣಿ ಕಣ್ಣಳತೆಯಲ್ಲಿ. ಕಚೇರಿ ಇಷ್ಟೇ. ಇಲ್ಲಿ ಕೂತು ಆಕೆ ಊರವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ನೋಡಿಕೊಳ್ಳುವುದಿಲ್ಲ ಎಂದು ದಿನಾ ಹೇಳುತ್ತಾಳೆ.

ನೇಮಕಾತಿ ನಡೆಯುವ ರೀತಿ ಹೀಗೆ. ಬೆಳಿಗ್ಗೆ ಅಗಸಿಯ ಮುಂದೆ ಟಂಟಂ ಬಂದು ಹಾರನ್ ಹೊಡೆಯುತ್ತದೆ. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ರೊಟ್ಟಿ ಬುತ್ತಿ ಕಂಕುಳಲ್ಲಿಟ್ಟುಕೊಂಡು ಓಡುತ್ತಾರೆ. ಓಡುವಾಗಲೇ ಕೀಲಿಕೈ ಆಯಿಯ ಮಡಿಲಿಗೆ ಬೀಳುತ್ತದೆ. "ಆಯಿ, ಪೋರ ಸಾಲಿಗಿ ಹೋಗ್ಯಾದ" ಎಂಬುದಷ್ಟೇ ಮಾತು. ನೋಡಿಕೋ ಎಂದು ಯಾರೂ ಕೇಳುವುದಿಲ್ಲ. ಆಯಿಯೂ ಹೂಂ ಎನ್ನುವುದಿಲ್ಲ, ಬದಲಿಗೆ ಭಾಷಣ ಶುರುಮಾಡುತ್ತಾಳೆ.

"ನನಗ್ಯಾಕ ಬೇಕವ್ವಾ ಊರ ಮಂದಿ ಉಸಾಬರಿ! ನನ್ನ ಮೊಣಕಾಲೇ ನನ್ನ ಮಾತ ಕೇಳಂಗಿಲ್ಲ, ನಿನ್ನ ಮಗ ಕೇಳ್ತಾನೇನು? ನಾಳಿಂದ ಬ್ಯಾರೆ ಯಾರಿಗರೆ ಹೇಳಿ ಹೋಗು. ನಾ ಒಂದೀಟು ಅಡ್ಡ ಆಗ್ಬೇಕಂದ್ರ ನಿಮ್ಮ ಹುಡುಗೋರು ತಲಿ ತಿಂತಾವ."

ಟಂಟಂ ಹೊರಟುಹೋಗಿ ಧೂಳೂ ಕೂತ ಮೇಲೆ ಭಾಷಣ ಮುಂದುವರಿದೇ ಇರುತ್ತದೆ. ಕೇಳುವವರಿಲ್ಲದಿದ್ದರೂ ಆಗುತ್ತದೆ, ಬೇವಿನ ಗಿಡ ಇದೆ.

ಈ ಮಾತನ್ನು ಅಕ್ಷರಶಃ ನಂಬಿದವಳು ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು. ಮುದುಕಿಗೆ ತೊಂದರೆಯಾಗುತ್ತಿದೆ ಪಾಪ ಎಂದು ಮರುದಿನ ಮಗಳನ್ನು ಹಿಂದಿನ ಓಣಿಯ ನೆಗೆಣ್ಣಿಯ ಮನೆಗೆ ಹೋಗುವಂತೆ ಹೇಳಿ ಹೊಲಕ್ಕೆ ಹೋದಳು. ಸಂಜೆಯೊಳಗೆ ನಳದ ಮುಂದೆ, ಗಿರಣಿಯ ಮುಂದೆ, ಹಣಮಂದೇವರ ಗುಡಿಯ ಮುಂದೆ ಆಯಿಯ ಪ್ರಶ್ನೆ ಎದ್ದಿತ್ತು: "ನನ್ನ ಕಟ್ಟಿಗೇನು ಮುಳ್ಳ ಹುಟ್ಟಾವ? ನಾ ಆಕಿ ಕೂಸಿಗಿ ವಿಷ ಹಾಕಿದ್ನೇನು? ಹಿಂದಿನ ಓಣ್ಯಾಗ ಸಕ್ರಿ ಹಂಚಲಾಕತ್ಯಾರಂತೇನು?" ಸೊಸೆ ಮೂರನೆಯ ದಿನ ಕೀಲಿಕೈ ಹಿಡಿದು ಕಟ್ಟೆಯ ಮುಂದೆ ನಿಂತಳು. ಆಯಿ ಅದನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ ಹೇಳಿದ್ದು: "ನನಗ್ಯಾಕ ಬೇಕವ್ವಾ ಊರ ಮಂದಿ ಉಸಾಬರಿ."

ನಾಲ್ಕೂವರೆ ಸುಮಾರಿಗೆ ಸಾಲಿ ಬಿಡುತ್ತದೆ. ಶಿಕ್ಷಣ ಇಲಾಖೆಯ ಬಳಿ ಮಕ್ಕಳ ಲೆಕ್ಕ ಇಡಲು ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಪ್ರತಿ ಮಗುವಿಗೂ ಅದರಲ್ಲಿ ಒಂದು ಉದ್ದನೆಯ ಸಂಖ್ಯೆ. ಆಯಿಯ ಹಾಜರಿಗೆ ಸಂಖ್ಯೆ ಬೇಡ, ಹೆಸರೂ ಬೇಡ. ಗೌಂಡಿಯ ನಡುವಲವ, ಕಿರಾಣಿ ಅಂಗಡಿ ಸಣ್ಣವ, ಪುಣೇಕ ಹೋದಾಕಿ ಮಗಳು, ಆ ಟಗರಿನ ಮನೆಯ ಜೋಡಿ. ಒಬ್ಬ ಕಡಿಮೆ ಬಂದರೆ ಉಳಿದವರ ವಿಚಾರಣೆ ಅಲ್ಲೇ. "ನಡುವಲವ ಎಲ್ಲಿ? ಮುಖ ಯಾಕ ತಿರುವತಿ? ನನ್ನ ನೋಡಿ ಹೇಳು." ನಡುವಲವ ಮಠದ ಕಡೆ ಹೋಗಿದ್ದಾನೆಂದು ಎರಡು ನಿಮಿಷದೊಳಗೆ ಹೊರಬೀಳುತ್ತದೆ. ವಿಶ್ವಾರಾಧ್ಯರ ಮಠವಿರುವ ಊರಿನಲ್ಲಿ ಮಕ್ಕಳಿಗೆ ಇದೊಂದು ಅನುಕೂಲ, ಎಲ್ಲಿಗೆ ಹೋಗಿದ್ದೆ ಎಂದರೆ "ಮುತ್ಯಾಗ ಕೈ ಮುಗೀಲಾಕ" ಎಂದು ಹೇಳಬಹುದು. ಭಕ್ತಿಯ ಮೇಲೆ ಯಾರು ಬೈಯುತ್ತಾರೆ? ಆಯಿ ಬೈಯುತ್ತಾಳೆ. "ಮುತ್ಯಾ ಎಲ್ಲೂ ಓಡಿ ಹೋಗಂಗಿಲ್ಲ. ಮೊದಲ ಪಾಟಿಚೀಲ ಇಟ್ಟು ಕಾಲ ತೊಳಕೊ."

ಹಾಜರಿ ಮುಗಿದ ಮೇಲೆ ಎರಡನೆಯ ಪ್ರಶ್ನೆ: "ಇವತ್ತ ಏನ ಹಾಕಿದ್ರು?"

ಬಿಸಿಯೂಟದ ವಿಷಯದಲ್ಲಿ ನಮ್ಮ ಸೀಮೆಗೆ ಹಿರಿತನವಿದೆ. ರಾಜ್ಯದಲ್ಲಿ ಅದು 2002ರಲ್ಲಿ ಮೊದಲು ಶುರುವಾದದ್ದು ಈ ಈಶಾನ್ಯ ಜಿಲ್ಲೆಗಳಲ್ಲೇ. ಆಗ ಯಾದಗಿರಿ ಗುಲ್ಬರ್ಗದೊಳಗಿತ್ತು, ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ತತ್ತಿ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಅದೂ ಮೊದಲು ಈ ಕಡೆಯ ಜಿಲ್ಲೆಗಳಿಗೇ, ಮಕ್ಕಳಲ್ಲಿ ರಕ್ತಹೀನತೆ, ಅಪೌಷ್ಟಿಕತೆ ಹೆಚ್ಚೆಂಬ ಕಾರಣಕ್ಕೆ. ಕೊಡಬೇಕೋ ಬಾರದೋ ಎಂದು ಕೆಲವು ಸ್ವಾಮಿಗಳು, ಸಂಘಟನೆಗಳು, ಟಿವಿಯವರು ತಿಂಗಳುಗಟ್ಟಲೆ ವಾದ ಮಾಡಿದರು. ಒಲ್ಲದವರಿಗೆ ಬಾಳೆಹಣ್ಣು ಎಂದಾಯಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರದ ಆರೂ ದಿನ ಕೊಡುತ್ತಾರೆ. ಇದರಿಂದ ಆಯಿಗೆ ಒಂದು ನಷ್ಟವಾಗಿದೆ. ಮೊದಲು ಮಕ್ಕಳ ಬಾಯಿ ಮೂಸಿ ಇವತ್ತು ಯಾವ ವಾರ ಎಂದು ಹೇಳುತ್ತಿದ್ದಳು. ಈಗ ದಿನವೂ ಒಂದೇ ವಾಸನೆ, ಕ್ಯಾಲೆಂಡರ್ ಕೈಕೊಟ್ಟಿದೆ.

ಮೂಗು ಮಾತ್ರ ಚುರುಕಾಗಿಯೇ ಇದೆ. ಬಾಳೆಹಣ್ಣಿನ ಪಟ್ಟಿಯಲ್ಲಿ ಹೆಸರಿರುವ ಹುಡುಗನೊಬ್ಬ ತನ್ನ ಹಣ್ಣನ್ನು ಪಕ್ಕದವನಿಗೆ ಕೊಟ್ಟು ತತ್ತಿ ತಿನ್ನುತ್ತಾನೆಂಬುದು ಆಯಿಗೆ ಮೊದಲ ವಾರವೇ ಗೊತ್ತಾಗಿತ್ತು. ಅವನ ಮನೆಯಲ್ಲಿ ತತ್ತಿಯ ಸಿಪ್ಪೆ ಹೊಸ್ತಿಲು ದಾಟುವಂತಿಲ್ಲ. ಆಯಿ ಹುಡುಗನಿಗೆ ಹೇಳಿದ್ದು ಒಂದೇ: "ನೀರ ಮುಕ್ಕಳಿಸಿ ಹೋಗಲೇ." ಅವನ ತಾಯಿಗೆ ಇಂದಿಗೂ ಸುದ್ದಿ ಮುಟ್ಟಿಲ್ಲ. ಆಯಿಯ ಹೊಟ್ಟೆಯಲ್ಲಿ ನಿಂತ ಗುಟ್ಟು ಇದೊಂದೇ ಇದ್ದೀತು.

ಏಕೆಂದರೆ ಉಳಿದ ಯಾವ ಗುಟ್ಟೂ ಅಲ್ಲಿ ನಿಲ್ಲುವುದಿಲ್ಲ. ಆಯಿ ಪುಕ್ಕಟೆ ದುಡಿಯುತ್ತಾಳೆ ಎಂದು ಕರುಣೆ ಪಡುವವರು ಆಕೆಯ ಪಗಾರ ಯಾವ ರೂಪದಲ್ಲಿ ಬರುತ್ತದೆಂದು ನೋಡಿಲ್ಲ. ಮಂಡಾಳ ವಗ್ಗರಣಿಯ ತಾಟು ಮಗುವಿನ ಮುಂದೆ ಇಡುತ್ತಾಳೆ. ಎರಡು ತುತ್ತು ಒಳಗೆ ಹೋಗಲಿ ಎಂದು ಕಾಯುತ್ತಾಳೆ. ಆಮೇಲೆ ಅಡಿಕೆ ಕತ್ತರಿಸುತ್ತ, ಯಾವ ಆಸಕ್ತಿಯೂ ಇಲ್ಲದ ದನಿಯಲ್ಲಿ, "ರಾತ್ರಿ ನಿಮ್ಮಪ್ಪ ಯಾಕ ಒದರಲಾಕತ್ತಿದ್ದ?" ಎಂದು ಕೇಳುತ್ತಾಳೆ. ಹಸಿದ ಮಗು ಸುಳ್ಳು ಹೇಳುವುದಿಲ್ಲ. ಫೈನಾನ್ಸಿನವರು ಯಾರ ಮನೆಗೆ ಬಂದು ಹೋದರು, ಯಾರ ಬಂಗಾರ ಬ್ಯಾಂಕಿನಲ್ಲಿ ಅಡ ಬಿದ್ದಿದೆ, ಯಾವ ಮನೆಯ ಹುಡುಗಿಯನ್ನು ನೋಡಲು ಸುರಪುರದಿಂದ ಜನ ಬರುವವರಿದ್ದಾರೆ, ಎಲ್ಲವೂ ವಗ್ಗರಣಿಯ ಜೊತೆಗೆ ಹೊರಬರುತ್ತದೆ. ತಾಯಂದಿರಿಗೆ ಇದು ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ಕೀಲಿಕೈ ಕೊಡುತ್ತಾರೆ. ಮನೆಯ ಮಾನಕ್ಕಿಂತ ಮಗುವಿನ ಜೀವ ದೊಡ್ಡದು, ಮತ್ತು ಪಟ್ಟಣದ ಡೇ ಕೇರ್‌ನವರು ಕೇಳುವ ದುಡ್ಡಿಗೆ ಹೋಲಿಸಿದರೆ ಎರಡು ಸುದ್ದಿ ಕೊಡುವುದು ಅಗ್ಗ.

ಆಯಿಯ ಕಟ್ಟೆಗೆ ಒಂದು ಗಡಿಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆಚೆ ಕೇರಿಯ ಮಕ್ಕಳಿಗೆ ಆಚೆ ಕೇರಿಯಲ್ಲೇ ಒಬ್ಬ ಆಯಿ ಇದ್ದಾಳೆ, ಅವಳಿಗೂ ಕೀಲಿಕೈಗಳಿವೆ, ಇದೇ ಭಾಷಣವಿದೆ. ಎರಡು ಕಟ್ಟೆಗಳ ನಡುವೆ ಮೊದಲು ಮಕ್ಕಳ ಹೋಗುಬರುವಿಕೆ ಇರಲಿಲ್ಲ. ಆದರೆ ಮಧ್ಯಾಹ್ನ ಸಾಲಿಯಲ್ಲಿ ಒಂದೇ ಪಂಕ್ತಿಯಲ್ಲಿ ತೊಡೆಗೆ ತೊಡೆ ತಾಗಿಸಿ ಉಂಡು ಬಂದ ಹುಡುಗರು ಸಂಜೆ ಒಂದೇ ತಾಟಿಗೆ ಕೈ ಹಾಕಿದರೆ ಯಾರು ಎಣಿಸುತ್ತಾರೆ? ಆಯಿ ಮೊದಮೊದಲು ಎಣಿಸಿದಳು, ಗದರಿಸಿದಳು, ತಾಟು ಬೇರೆ ಮಾಡಿದಳು. ಅಷ್ಟರಲ್ಲಿ ಮಕ್ಕಳು ತಾಟು ಅದಲು ಬದಲು ಮಾಡಿಕೊಂಡಿದ್ದರು. ಈಗ ಆಯಿಗೆ ಸಂಜೆ ಹೊತ್ತು ಕಣ್ಣು ಸ್ವಲ್ಪ ಮಂಜಾಗುತ್ತದೆ. ಬೆಳಿಗ್ಗೆ ಜ್ವಾಳದಲ್ಲಿ ಹಳ್ಳು ಆರಿಸುವಾಗ ಆ ಮಂಜು ಇರುವುದಿಲ್ಲ. ಸುಧಾರಣೆ ಎಂದು ಇದನ್ನು ಕರೆಯಲಾರೆ, ಮಕ್ಕಳ ಹಟಕ್ಕೆ ಮುದುಕಿ ಸೋತಿದ್ದಾಳೆ, ಅಷ್ಟೆ.

ಹೋಂವರ್ಕ್ ವಿಷಯಕ್ಕೆ ಬರೋಣ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರ ಆಸುಪಾಸು, ರಾಜ್ಯದಲ್ಲೇ ಕೊನೆಯ ಸ್ಥಾನ. ಉಳಿದ ಅರ್ಧದಲ್ಲಿ ನಮ್ಮ ಆಯಿ ಇದ್ದಾಳೆ. ಆದರೆ ಓದಲು ಬಾರದವಳ ಮುಂದೆ ಓದುವ ನಾಟಕ ಆಡುವುದು ಸುಲಭ ಎಂದುಕೊಂಡ ಹುಡುಗರು ಕೆಟ್ಟರು. ಆಯಿಯ ನಿಯಮ: ದನಿ ಬರಬೇಕು. ದನಿ ನಿಂತರೆ ಓದು ನಿಂತಿತು, ಸೌಟು ಬಂತು. ಮಗ್ಗಿಗಳನ್ನು ಆಕೆ ವರ್ಷಗಟ್ಟಲೆ ಕೇಳಿ ಕೇಳಿ ರಾಗದಿಂದ ಕಲಿತಿದ್ದಾಳೆ. ಏಳೆಂಟಲೆ ಐವತ್ತಾರು ಎಂಬುದರ ಅರ್ಥ ಗೊತ್ತಿಲ್ಲದಿರಬಹುದು, ಐವತ್ನಾಲ್ಕು ಎಂದರೆ ಮಾತ್ರ ಅಡಕತ್ತು ನಿಲ್ಲುತ್ತದೆ. "ಏ ಪೋರಾ, ಎಲ್ಲೋ ಮುಗ್ಗರಿಸಿದಿ. ಹಿಂದಿಂದ ಹೇಳು." ಪಾಟಿಯ ಮೇಲೆ ಬರೆದದ್ದನ್ನೂ ಪರೀಕ್ಷಿಸುತ್ತಾಳೆ. ಸಾಲು ಸೊಟ್ಟಗಿದ್ದರೆ ತಪ್ಪು, ನೆಟ್ಟಗಿದ್ದರೆ ಸರಿ. ಒಬ್ಬ ಜಾಣ ನೋಟುಬುಕ್ಕಿನ ಒಂದೇ ಪುಟವನ್ನು ನಾಲ್ಕು ಸಂಜೆ ತೋರಿಸಿದ. ಐದನೆಯ ಸಂಜೆ ಆಯಿ ಪುಟದ ಮೂಲೆಯ ಎಣ್ಣೆಯ ಕಲೆಯ ಮೇಲೆ ಬೆರಳಿಟ್ಟು, "ಈ ಭಜಿ ನೀ ಸೋಮಾರ ತಿಂದದ್ದು" ಎಂದಳು. ಊರಿನಲ್ಲಿ ಪಂಚಾಯಿತಿ ಗ್ರಂಥಾಲಯವಿದ್ದರೆ ಅದೂ ಆಕೆಯ ಆಡಳಿತಕ್ಕೆ ಒಳಪಟ್ಟದ್ದೇ. ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ, ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ತಲೆನೋವು ಹೆಚ್ಚಾದ ದಿನ ಆಯಿ ಇಡೀ ಪಡೆಯನ್ನು ಅಲ್ಲಿಗೆ ಅಟ್ಟುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ, ಅಲ್ಲಿ ಏನು ಮಾಡುತ್ತಾರೋ ಎಂದು ಹಿಂದೆಯೇ ಹೋಗಿ ಬಾಗಿಲಲ್ಲಿ ಕೂರುತ್ತಾಳೆ.

ಸರ್ಕಾರ ಮಕ್ಕಳನ್ನು ಮರೆತಿದೆ ಎಂದು ಹೇಳುವಂತಿಲ್ಲ. ಕೂಲಿಗೆ ಹೋಗುವ ತಾಯಂದಿರ ಎಳೆಗೂಸುಗಳಿಗೆಂದು 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಘೋಷಿಸಿದರು. ಅದಕ್ಕಿಂತ ದೊಡ್ಡವರಿಗೆ ಅಂಗನವಾಡಿ. ಅದಕ್ಕೂ ದೊಡ್ಡವರಿಗೆ ಸಾಲಿ. ಆದರೆ ಕೂಸಿನ ಮನೆಯ ವಯಸ್ಸು ಮೀರಿದ, ಒಲೆ ಹಚ್ಚುವ ವಯಸ್ಸು ಬಾರದ ಆರರಿಂದ ಹತ್ತು ವರ್ಷದ ಮಗುವಿಗೆ, ಸಾಲಿ ಬಿಟ್ಟ ನಾಲ್ಕೂವರೆಯಿಂದ ಟಂಟಂ ವಾಪಸ್ ಬರುವ ಏಳರವರೆಗೆ ಯಾವ ಯೋಜನೆಯೂ ನನಗೆ ಕಾಣಲಿಲ್ಲ. ಆ ಎರಡೂವರೆ ತಾಸಿಗೆ ಇಲಾಖೆ ಇಲ್ಲ, ಅಧಿಕಾರಿ ಇಲ್ಲ, ಆಯಿ ಇದ್ದಾಳೆ. ಸಮೀಕ್ಷೆಗೆ ಬಂದ ಹುಡುಗಿಯೊಬ್ಬಳು ಟ್ಯಾಬ್ ಹಿಡಿದು, "ಅಜ್ಜೀ, ಈ ಓಣಿಯಲ್ಲಿ ದುಡಿಯಲು ಹೋದವರ ಮಕ್ಕಳನ್ನು ಯಾರು ನೋಡಿಕೊಳ್ತಾರೆ?" ಎಂದು ಕೇಳಿದ್ದಳು. ತೊಡೆಯ ಮೇಲೊಂದು, ಬೆನ್ನಿಗೆ ಜೋತು ಬಿದ್ದದ್ದೊಂದು, ಸಂಚಿಯೊಳಗೆ ಕೈ ಹಾಕಿದ್ದು ಇನ್ನೊಂದು. ಆಯಿ ನಿಟ್ಟುಸಿರು ಬಿಟ್ಟು ಹೇಳಿದಳು: "ಯಾರೂ ಇಲ್ಲವ್ವಾ. ಯಾರ ನೋಡ್ತಾರ ಈಗಿನ ಕಾಲದಾಗ?" ಹುಡುಗಿ ಅದನ್ನೇ ಒತ್ತಿಕೊಂಡು ಹೋದಳು.

ಮಂದಿಯ ಮಗುವನ್ನು ನೋಡಿಕೊಂಡದ್ದಕ್ಕೆ ನಮ್ಮ ಸೀಮೆಯಿಂದ ಇತಿಹಾಸದ ಪುಸ್ತಕ ಸೇರಿದವನು ನನಗೆ ತಿಳಿದಂತೆ ಒಬ್ಬನೇ, ಅವನೂ ಇಂಗ್ಲಿಷಿನವ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದಾಗ ದೊರೆಮಗ ವೆಂಕಟಪ್ಪ ನಾಯಕ ಸಣ್ಣ ಹುಡುಗ. ತಂದೆ ತೀರಿಕೊಂಡ ಮೇಲೆ ಹುಡುಗನ ಓದು, ಬರಹ, ರಾಜ್ಯದ ಲೆಕ್ಕಪತ್ರ ಎಲ್ಲದರ ಮೇಲ್ವಿಚಾರಣೆ ಟೇಲರನಿಗೆ ಬಂತು. ಹುಡುಗ ತನ್ನನ್ನು ಅಪ್ಪಾ ಎಂದೇ ಕರೆಯುತ್ತಿದ್ದನೆಂದು ಅವನು ಆತ್ಮಕಥೆಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ತಾಯಿ ರಾಣಿ ಈಶ್ವರಮ್ಮನಿಗೂ ಅವನಿಗೂ ಮಾತ್ರ ಹೊಂದಲೇ ಇಲ್ಲ. 1853ರಲ್ಲಿ ರಾಜ್ಯ ಹುಡುಗನ ಕೈಗೆ ಬಂತು. 1858ರಲ್ಲಿ ಅದೇ ಹುಡುಗ ಕಂಪನಿಯವರ ವಿರುದ್ಧ ಎದ್ದು, ಸೆರೆಯಾಗಿ, ಆ ವರ್ಷವೇ ತೀರಿಕೊಂಡ. ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಇವತ್ತಿಗೂ ಇದೆ. ಈ ಕಥೆಯನ್ನು ನಾನು ಆಯಿಗೆ ಪೂರ್ತಿ ಹೇಳಿದೆ. ಅಡಿಕೆ ಜಗಿಯುವುದು ನಿಲ್ಲಿಸಿ ಕೇಳಿದಳು.

"ಹಡೆದಾಕಿ ಸಂಗಾಟ ಜಗಳಾಡಿ ಕೂಸು ಜ್ವಾಕಿ ಮಾಡಲಾಕ ಬರ್ತದೇನು? ಅವಗ ಪಗಾರ ಇತ್ತೇನು?"

"ಇತ್ತು ಆಯಿ."

"ಹಂಗಾರ ಅದು ನೌಕರಿ ಬಿಡು" ಎಂದು ಮತ್ತೆ ಜಗಿಯತೊಡಗಿದಳು.

ಆಯಿಗೆ ರಜೆ ಎಂಬುದು ಗೊತ್ತಾದದ್ದು 2023ರ ಜೂನ್ 11ರ ನಂತರ. ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂದಾಯಿತು. ಕಲಬುರಗಿಯ ಶರಣಬಸವೇಶ್ವರ ಗುಡಿಗೆ ಹೋಗಬೇಕೆಂಬ ಬಹಳ ದಿನದ ಆಸೆ ಒಂದು ಶನಿವಾರ ಕೈಗೂಡಿತು. ಶನಿವಾರ ಮುಂಜಾನೆ ಸಾಲಿ. ಮಕ್ಕಳು ಬೇಗ ಬರುತ್ತಾರೆ, ಬಿಟ್ಟು ಹೋಗುವುದು ಯಾರ ಹತ್ತಿರ? ಬಿಟ್ಟು ಹೋದರೆ ತಾನೇ ಬೇರೆಯವರಿಗೆ ಒಪ್ಪಿಸಿದಂತಾಗುತ್ತದೆ, ಆ ಮಾತೇ ಬೇಡ. ಮಕ್ಕಳನ್ನೂ ಕರೆದುಕೊಂಡೇ ಹೊರಟಳು. ಕಂಡಕ್ಟರ್ ಹುಡುಗಿಯರಿಗೂ ಆಯಿಗೂ ಶೂನ್ಯ ಟಿಕೆಟ್ ಹರಿದುಕೊಟ್ಟು, ಜೊತೆಗಿದ್ದ ಹುಡುಗನ ಮುಖ ನೋಡಿ, "ಇವಗ ಅರ್ಧ ಟಿಕೆಟ್" ಎಂದ.

"ಅವಗ ಇನ್ನಾ ಆರು ತುಂಬಿಲ್ಲಪ್ಪಾ."

"ಯಾಡ್ನೆತ್ತ್ಯೋ, ಮೂರ್ನೆತ್ತ್ಯೋ ತಮ್ಮಾ?"

"ನಾಕ್ನೆತ್ತೆ!" ಎಂದ ಹುಡುಗ. ಎಂಟರ ಮಗ್ಗಿ ಬೇಕಾದರೆ ಹೇಳುತ್ತೇನೆಂದೂ ಸೇರಿಸಿದ. ಅರ್ಧ ಟಿಕೆಟ್ಟಿನ ದುಡ್ಡು ಸಂಚಿಯ ತಳದಿಂದ ಹೊರಬರುವಾಗ ಆಯಿ, "ಕಲಿಸಿದ್ದು ನನಗೇ ಉಲ್ಟಾ ಆತು" ಎಂದಳು.

ಆದರೆ ನಿಜವಾದ ಸಂಗತಿ ನಡೆದದ್ದು ಊರಿನಲ್ಲಿ. ಮರಳುವ ಬಸ್ಸು ತಡವಾಯಿತು. ಏಳಕ್ಕೆ ಟಂಟಂ ಬಂತು, ಹೆಣ್ಣುಮಕ್ಕಳು ಇಳಿದರು, ಬಾಗಿಲಿಗೆಲ್ಲ ಕೀಲಿ. ಕೀಲಿಕೈಗಳು ಕಲಬುರಗಿಯ ರಸ್ತೆಯ ಮೇಲಿದ್ದವು. ಹೊಲದ ಮಣ್ಣು, ತಲೆಗೆಲ್ಲ ಹತ್ತಿಯ ಎಳೆ, ನೀರು ಕಾಯಿಸಲು ಒಲೆಯಿಲ್ಲ, ಬೈಯಲು ಆಯಿಯಿಲ್ಲ. ಇಡೀ ಓಣಿ ಆಯಿಯ ಕಟ್ಟೆಯ ಮೇಲೆ ಸಾಲಾಗಿ ಕೂತಿತು. ಗಂಡಸರು ಬಂದವರು ಬೇವಿನ ಗಿಡಕ್ಕೆ ಆತು ನಿಂತರು. ಒಂಬತ್ತರ ಹೊತ್ತಿಗೆ ಆಯಿ ಬಂದಳು, ಹಿಂದೆ ವಿಭೂತಿ ಹಚ್ಚಿಕೊಂಡ ಮಕ್ಕಳ ಸಾಲು. ಕಟ್ಟೆ ತುಂಬ ಕೂತ ಮಂದಿಯನ್ನು ನೋಡಿ ಆಕೆಗೆ ಆಶ್ಚರ್ಯವಾಯಿತು. "ಎಲ್ಲಾರೂ ಹೊರಗ ಯಾಕ ಕುಂತೀರಿ? ನಿಮಗ ಮನಿ ಇಲ್ಲೇನು?"

ಆಯಿಗೆ ಸ್ವಂತ ಮೊಮ್ಮಗನೊಬ್ಬನಿದ್ದಾನೆ, ಬೆಂಗಳೂರಿನಲ್ಲಿ. ಮಗ, ಸೊಸೆ ದುಡಿಯಲು ಹೋಗಿ ಕಟ್ಟಡದ ಶೆಡ್ಡಿನಲ್ಲಿದ್ದಾರೆ. ಈ ಭಾಗದ ಊರುಗಳ ಅನೇಕ ಮನೆಗಳ ಕಥೆ ಇದು, ಬೆಂಗಳೂರು ಇಲ್ಲವೆ ಪುಣೆ, ಮುಂಬೈ, ಹೈದರಾಬಾದ್. ಸಂಜೆ ಮಗುವಿನ ತಾಯಿ ಇನ್ನೂ ಸಿಮೆಂಟು ಹೊರುತ್ತಿರುವಾಗ ಮಗುವನ್ನು ನೋಡಿಕೊಳ್ಳುವವಳು ಪಕ್ಕದ ಶೆಡ್ಡಿನ ಹೆಂಗಸು. ಬಿಹಾರದವಳೋ ಒಡಿಶಾದವಳೋ ಆಯಿಗೆ ಗೊತ್ತಿಲ್ಲ, ಆಯಿಯ ಲೆಕ್ಕದಲ್ಲಿ ಅವಳು "ಹಿಂದಿಯಾಕಿ". ವಿಡಿಯೊ ಕಾಲ್ ಹಚ್ಚಿಕೊಡುವುದು ಕಟ್ಟೆಯ ಮಕ್ಕಳ ಕೆಲಸ. ಮೊಮ್ಮಗನ ಮುಖ ಒಂದು ಕ್ಷಣ ಬಂದು ಓಡುತ್ತದೆ, ಉಳಿದ ಹೊತ್ತೆಲ್ಲ ಪರದೆಯ ಮೇಲೆ ಹಿಂದಿಯಾಕಿ. ಆಯಿ ಈ ಕಡೆಯಿಂದ ಕನ್ನಡದಲ್ಲಿ ಆಜ್ಞೆಗಳನ್ನು ಕೊಡುತ್ತಾಳೆ: ತಲೆಗೆ ಎಣ್ಣೆ ಹಚ್ಚು, ಲಿಫ್ಟಿನ ಗುಂಡಿಯ ಹತ್ತಿರ ಬಿಡಬೇಡ, ಅವನಿಗೆ ಹಾಲು ಆಗುವುದಿಲ್ಲ. ಆ ಕಡೆಯಿಂದ ಹಿಂದಿಯಲ್ಲಿ ಉದ್ದನೆಯ ಮಾತು ಬರುತ್ತದೆ. ನಾಕ್ನೆತ್ತೆಯ ಹುಡುಗ ಟಿವಿಯಲ್ಲಿ ಕಲಿತ ಹಿಂದಿಯಿಂದ ತರ್ಜುಮೆ ಮಾಡುತ್ತಾನೆ: "ಆಯಿ, ಆಕಿ ಅಂತಾಳ, ನನಗ ಮೊಣಕಾಲ ನೋವು ಅದ, ನಾಳಿಂದ ನಿಮ್ಮ ಹುಡುಗನ್ನ ನೋಡ್ಕೊಳಂಗಿಲ್ಲ ಅಂತ."

ಆಯಿ ಫೋನು ಕೆಳಗಿಟ್ಟು ಅಡಕತ್ತು ಕೈಗೆತ್ತಿಕೊಂಡಳು. "ಹಂಗs ಅಂತಾಳ. ಬಾಳ ಚಲೋ ಹೆಣ್ಮಗಳು."

ಏಳರ ನಂತರ ಮಕ್ಕಳನ್ನು ಒಪ್ಪಿಸುವ ಕೆಲಸ. ಬರೀ ಮಗುವನ್ನು ಕೊಡುವುದಿಲ್ಲ, ಜೊತೆಗೆ ಆರೋಪಪಟ್ಟಿ. ಕಲ್ಲು ಎಸೆದದ್ದು, ಪೆನ್ಸಿಲು ಕಳೆದದ್ದು, ಆರರ ಮಗ್ಗಿ ಮರೆತದ್ದು, ಹತ್ತಿಕಟಗಿಯ ಬಣವೆಯ ಕಡೆ ಹಾವು ಇರುತ್ತದೆಂದರೂ ಹೋದದ್ದು. ತಾಯಿ ದಣಿದ ಕೈಯಿಂದ ಮಗನ ಬೆನ್ನಿಗೆ ಒಂದು ಹಾಕಲು ಹೋದರೆ ಆಯಿಯೇ ಅಡ್ಡ ಬರುತ್ತಾಳೆ: "ಹೊಡಿಬ್ಯಾಡ, ಈಗರೆ ಉಂಡಾನ." ತಾಯಿ ಮಡಿಲಿನಿಂದ ಒಂದು ಹಿಡಿ ಹಸಿ ತೊಗರಿಕಾಯಿ, ನಾಲ್ಕು ಹಸಿಮೆಣಸಿನಕಾಯಿ ತೆಗೆದು ಕಟ್ಟೆಯ ಮೇಲೆ ಇಡುತ್ತಾಳೆ. "ಇದೆಲ್ಲಾ ಯಾಕ ಬೇಕಿತ್ತವ್ವಾ" ಎನ್ನುತ್ತ ಆಯಿ ಅದನ್ನು ಒಳಗೆ ಒಯ್ಯುತ್ತಾಳೆ. ಒಳಗಿನಿಂದಲೇ, "ನಿನ್ನೆಕಿಂತ ಕಡಿಮಿ ಅದ" ಎಂಬ ಮಾತೂ ಬರುತ್ತದೆ.

ಮಕ್ಕಳನ್ನು ಕಾಯುವಾಗ ಶಹಾಪುರ, ಸುರಪುರದ ಕಡೆಯ ಆಯಿಯರಿಗೆ ನಾರಾಯಣಪುರ ಎಡದಂಡೆ ಕಾಲುವೆಯ ಚಿಂತೆ. ನೀರು ಬಿಟ್ಟ ದಿನ ಮಕ್ಕಳನ್ನು ಕಟ್ಟೆಯಿಂದ ಇಳಿಯಗೊಡುವುದಿಲ್ಲ. ಹೊಲಗಳಲ್ಲಿ ಕೃಷಿಹೊಂಡ ತೋಡಿಸಿದ ಮೇಲೆ ಆ ಚಿಂತೆ ಎಲ್ಲ ಊರಿಗೂ ಹಬ್ಬಿದೆ. ಅಬ್ಬೆತುಮಕೂರಿನ ಆಯಿಗೆ ಇವೆಲ್ಲಕ್ಕಿಂತ ದೊಡ್ಡ ಶತ್ರು ಮಠಕ್ಕೆ ಬರುವ ಭಕ್ತರ ಗಾಡಿಗಳು. ಕಳೆದ ಜಾತ್ರೆಯ ಸಮಯದಲ್ಲಿ ಬಿಳಿಯ ಕಾರೊಂದು ಸಾಲಿ ಬಿಟ್ಟ ಹೊತ್ತಿಗೆ ಜೋರಾಗಿ ಬಂತು. ಆಯಿ ಎದ್ದು ರಸ್ತೆಯ ನಡುವೆ ನಿಂತಳು. ಬ್ರೇಕು ಕಿರುಚಿತು. ಹಿಂದಿನ ಸೀಟಿನಲ್ಲಿದ್ದ ದೊಡ್ಡವರು ಗಾಜು ಇಳಿಸಿ, "ಏನಮ್ಮಾ, ಸಾಯ್ಬೇಕಂತೀಯಾ?" ಎಂದರು.

"ನಾ ಸಾಯ್ತೀನಪ್ಪಾ, ನಂದು ಮುಗದದ. ಇವು ಇನ್ನಾ ಮಗ್ಗಿ ಮುಗಸಿಲ್ಲ" ಎಂದಳು ಆಯಿ. ಕೊನೆಯ ಹುಡುಗಿ ರಸ್ತೆ ದಾಟಿ ಪಾಟಿಚೀಲ ಕಟ್ಟೆಯ ಮೇಲೆ ಇಡುವವರೆಗೆ ಆ ಕಾರನ್ನು ಬಿಡಲಿಲ್ಲ. ದೊಡ್ಡವರು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಆಯಿಗೂ ಗೊತ್ತಿತ್ತು. ಅವರ ಮನೆಯ ಸುದ್ದಿ ಎರಡು ವಾರದ ಹಿಂದೆಯೇ ವಗ್ಗರಣಿಯ ಜೊತೆ ಬಂದಿತ್ತು.

ಆದ್ದರಿಂದ ಮುತ್ಯಾನ ದರ್ಶನಕ್ಕೆಂದು ಅಬ್ಬೆತುಮಕೂರಿಗೆ ಬರುವವರು ನಾಲ್ಕೂವರೆಯ ಸುಮಾರಿಗೆ ಊರೊಳಗೆ ಗಾಡಿ ನಿಧಾನ ಹೊಡೆಯಿರಿ. ಶನಿವಾರ ಸಾಲಿ ಮಧ್ಯಾಹ್ನಕ್ಕೂ ಮೊದಲೇ ಬಿಡುತ್ತದೆ.